ಹನ್ನೊಂದು ಗಂಟೆಯ ಕಾಲು

ಮಾರ್ಚ್ ೪, ಸೋಮವಾರ

ಒಂಬತ್ತು ಗಂಟೆ ಬರಲೇ ಇಲ್ಲ. ಹತ್ತು ಗಂಟೆ ಅರ್ಧ ತಾಸು ತಡವಾಗಿ ಬಂದು, ಬಂದದ್ದೇ ನನಗೆ ಮಾಡಿದ ಉಪಕಾರ ಎಂಬಂತೆ ಮುಖ ಮಾಡಿಕೊಂಡು ಹೋಯಿತು. ಹನ್ನೊಂದು ಗಂಟೆ ನಾರುತ್ತಾ ಬಂತು.

ರೋಗಿಗಳ ಹೆಸರನ್ನು ಆಸ್ಪತ್ರೆಯಿಂದಾಚೆ ತರಬಾರದು ಎಂದು ನಿಯಮವಿದೆ. ಹಾಗಾಗಿ ಈ ಪುಸ್ತಕದಲ್ಲಿ ಅವರೆಲ್ಲ ಬರೀ ಗಂಟೆಗಳು. ನನಗೂ ಅದೇ ಅನುಕೂಲ. ಹೆಸರು ಕೇಳಿದರೆ ಊರು ಕೇಳಬೇಕಾಗುತ್ತದೆ, ಊರು ಕೇಳಿದರೆ ಎಲ್ಲಿಂದಲೋ ಒಂದು ನೆಂಟಸ್ತಿಕೆ ಹುಟ್ಟಿಕೊಳ್ಳುತ್ತದೆ, ಆಮೇಲೆ ಭಾನುವಾರ ಬಾಗಿಲು ತಟ್ಟುತ್ತಾರೆ. ಹತ್ತೊಂಬತ್ತು ವರ್ಷದಿಂದ ನಾನಿಲ್ಲಿ ದುಭಾಷಿ. ಡಾಕ್ಟರು ಇಲ್ಲಿಯವರು, ರೋಗಿಗಳು ನನ್ನ ಹಾಗೆ ಹೊರಗಿನಿಂದ ಬಂದವರು. ಒಬ್ಬರ ಮಾತು ಇನ್ನೊಬ್ಬರಿಗೆ ಬರುವುದಿಲ್ಲ. ನಡುವೆ ಕುರ್ಚಿ ಹಾಕಿಕೊಂಡು ನಾನು. ಹೇಳಿದ್ದನ್ನೆಲ್ಲ ಹೇಳಬೇಕು, ಹೇಳದ್ದನ್ನು ಸೇರಿಸಬಾರದು, ಸಲಹೆ ಕೊಡಬಾರದು, ರೋಗಿಯ ಕಡೆಯವರು ಕೊಟ್ಟದ್ದನ್ನು ಮುಟ್ಟಬಾರದು. ನಲ್ಲಿಯ ಕೊಳವೆ ಹೇಗೋ ಹಾಗೆ. ಇಷ್ಟು ವರ್ಷದಲ್ಲಿ ನನ್ನ ಮೇಲೆ ಒಂದೇ ಒಂದು ದೂರು ಬಂದಿಲ್ಲ.

ಹನ್ನೊಂದು ಗಂಟೆ ಎಂದರೆ ಎಪ್ಪತ್ತರ ಮುದುಕಿ. ಜೊತೆಗೆ ಮಗ, ಸೊಸೆ, ಎರಡು ಮಕ್ಕಳು, ಪಕ್ಕದ ಮನೆಯವಳು. ಮೂರು ಕುರ್ಚಿಯ ಕೋಣೆಗೆ ಆರು ಜನ. ಬಂದು ನಾಲ್ಕು ತಿಂಗಳಾಗಿದೆಯಂತೆ. ಮಗ ಗೋದಾಮಿನಲ್ಲಿ ಸರಕು ಇಳಿಸುವವನು, ಸೊಸೆ ಬಾಯಿ ಬಿಡದವಳು. ಮಕ್ಕಳು ಡಾಕ್ಟರ ತಿರುಗುವ ಸ್ಟೂಲನ್ನು ತಿರುಗಿಸಿದ್ದೇ ತಿರುಗಿಸಿದ್ದು. ಯಾರೂ ಗದರಲಿಲ್ಲ. ಈ ಜನ ಎಲ್ಲಿಗೆ ಹೋದರೂ ಮದುವೆಗೆ ಹೋದ ಹಾಗೆ ಹೋಗುತ್ತಾರೆ.

ಮುದುಕಿಯ ಕಾಲುಚೀಲ ಬಿಚ್ಚಿದಾಗ ವಾಕರಿಕೆ ಬಂತು. ಎಡಗಾಲಿನ ಎರಡು ಬೆರಳು ಕಪ್ಪಾಗಿ ಕೊಳೆತು ಹೋಗಿವೆ. ಸಕ್ಕರೆ ಕಾಯಿಲೆ. ಹದಿನೈದು ದಿನದಿಂದ ಮನೆಯಲ್ಲೇ ಅರಿಶಿನ ಮೆತ್ತಿಕೊಂಡು ಕೂತಿದ್ದಳಂತೆ. ಕಾಲಿನ ಡಾಕ್ಟರ್ ಅಂದರೆ ನಲವತ್ತರ ಹೆಂಗಸು, ಮಾತು ಮುಗಿಸುವ ಮೊದಲೇ ಗಡಿಯಾರ ನೋಡುವವರು. "ನೋವು ಹತ್ತಕ್ಕೆ ಎಷ್ಟು?" ಎಂದರು. ನಾನು ಹೇಳಿದೆ. ಮುದುಕಿ ಯೋಚಿಸಿ, "ಎಷ್ಟು ಅಂದ್ರೆ ಮನೆಗೆ ಕಳಿಸ್ತಾರೆ?" ಎಂದಳು. ಅದನ್ನೂ ಹೇಳಿದೆ. ಡಾಕ್ಟರ್ ನಗಲಿಲ್ಲ.

"ಎರಡು ಬೆರಳು ತೆಗೀಬೇಕು, ಈ ವಾರದಲ್ಲೇ. ಬಿಟ್ರೆ ಪಾದ ಹೋಗುತ್ತೆ, ಆಮೇಲೆ ಮೊಣಕಾಲಿನ ತನಕ ಹೋಗುತ್ತೆ. ಆದ್ರೆ ನಿರ್ಧಾರ ನಿಮ್ಮದು. ನಿಮಗೇನು ಬೇಕು ಹೇಳಿ."

ಹೇಳಿದೆ. ಮುದುಕಿ ಮಗನ ಮುಖ ನೋಡಿದಳು. ಮಗ ನೆಲ ನೋಡಿದ. ಸೊಸೆ ಗೋಡೆಯ ಮೇಲಿನ ಮೂಳೆಯ ಚಿತ್ರ ನೋಡಿದಳು. ಕೊನೆಗೆ ಮಗ, "ಯೋಚ್ನೆ ಮಾಡಿ ಹೇಳ್ತೀವಿ ಅನ್ನಿ ಮೇಡಂ" ಎಂದ.

ಕಾರಿಡಾರಿನಲ್ಲಿ ನನ್ನ ಹಿಂದೆಯೇ ಬಂದ. "ಏನ್ ಮೇಡಂ ಇದು, ಡಾಕ್ಟ್ರಿಗೇ ಗೊತ್ತಿಲ್ವಾ ಏನ್ ಮಾಡ್ಬೇಕು ಅಂತ? ನಮ್ಮನ್ನ ಕೇಳ್ತಾರಲ್ಲ. ಬೇರೆ ಒಳ್ಳೆ ಡಾಕ್ಟ್ರು ಇಲ್ವಾ?"

ಕಾರಿಡಾರಿನಲ್ಲಿ ರೋಗಿಯ ಕಡೆಯವರ ಜೊತೆ ಮಾತಾಡುವಂತಿಲ್ಲ. ಮಾತಾಡಲಿಲ್ಲ. ಇವನಿಗೆ ಹೇಳಿಯಾದರೂ ಏನುಪಯೋಗ. ಇಲ್ಲಿ ಡಾಕ್ಟರು ಕೇಳುವುದೇ ಮರ್ಯಾದೆ. ಇವರ ಪ್ರಕಾರ ಕೇಳುವ ಡಾಕ್ಟರು ಕಲಿಯದ ಡಾಕ್ಟರು. ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಮಾರ್ಚ್ ೫, ಮಂಗಳವಾರ

ಮೂಗಿನಿಂದ ಆ ವಾಸನೆ ಇನ್ನೂ ಹೋಗಿಲ್ಲ. ಊಟದ ಹೊತ್ತಿನಲ್ಲಿ ಕ್ಯಾಂಟೀನಿನಲ್ಲಿ ಎದುರಿಗೆ ಕೂತ ಎಕ್ಸರೇಯವನು ಬೆರಳು ನೆಕ್ಕುತ್ತಾ ತಿನ್ನುತ್ತಿದ್ದ. ಅರ್ಧಕ್ಕೇ ಎದ್ದು ಬಂದೆ. ಎಲ್ಲ ದೇಶದ ಹೊಲಸೂ ಒಂದೇ, ಒಬ್ಬೊಬ್ಬರು ಒಂದೊಂದು ಬಣ್ಣದ ಕಾಗದದಲ್ಲಿ ಸುತ್ತಿಡುತ್ತಾರೆ, ಅಷ್ಟೆ.

ಮಾರ್ಚ್ ೭, ಗುರುವಾರ

ಹನ್ನೊಂದು ಗಂಟೆ ಮತ್ತೆ. ಈ ಸಲ ಡಾಕ್ಟರ್ ಉಳಿದವರನ್ನೆಲ್ಲ ಹೊರಗೆ ಕಳಿಸಿದರು. "ಮಗನ ಮುಂದೆ ಅವರು ಬಾಯಿ ಬಿಡ್ತಿಲ್ಲ. ಒಬ್ರೇ ಇದ್ರೆ ಮನಸ್ಸಲ್ಲಿರೋದು ಹೇಳ್ತಾರೆ" ಎಂದರು. ಪುಸ್ತಕದಲ್ಲಿ ಓದಿದ್ದಿರಬೇಕು.

ಒಬ್ಬಳೇ ಆದಳು ಮುದುಕಿ. ನಾವಿಬ್ಬರೂ ಅವಳ ಬಾಯಿ ನೋಡುತ್ತಾ ಕೂತೆವು. ಅವಳು ನನ್ನನ್ನು ಕಾಲಿನಿಂದ ತಲೆಯ ತನಕ ನೋಡಿ, "ಯಾರ ಮನೆ ಮಗಳಮ್ಮ ನೀನು? ಮಕ್ಕಳೆಷ್ಟು?" ಎಂದಳು.

ನಿಯಮ ನಿಯಮವೇ. ಡಾಕ್ಟರ ಕಡೆ ತಿರುಗಿ, "ಯಾರ ಮನೆ ಮಗಳು ನೀನು, ಮಕ್ಕಳೆಷ್ಟು ಅಂತ ಕೇಳ್ತಿದ್ದಾರೆ" ಎಂದೆ. ಡಾಕ್ಟರ್ ತಮಗೆ ಎರಡು ಎಂದರು. ಅದನ್ನು ಹೇಳಿದೆ. ಮುದುಕಿ, "ಅವರನ್ನ ಯಾರು ಕೇಳಿದ್ರು" ಎಂದಳು. ಅದನ್ನೂ ಹೇಳಿದೆ. ನನಗೇ ನಾಚಿಕೆಯಾಯಿತು.

ಡಾಕ್ಟರ್ ಮತ್ತೆ ಕಾಲಿಗೆ ಬಂದರು. ನಿಮ್ಮ ದೇಹ, ನಿಮ್ಮ ನಿರ್ಧಾರ, ಬೇಕು ಅಥವಾ ಬೇಡ.

"ನನ್ನ ದೇಹ ಅಂತೆ," ಎಂದಳು ಮುದುಕಿ. "ಎಪ್ಪತ್ತು ವರ್ಷದಿಂದ ಯಾರೂ ಹೇಳಿರ್ಲಿಲ್ಲ. ಕೊಳೆತ ಮೇಲೆ ನಂದಾಯ್ತಾ? ನನ್ನ ಬಾಯಿಂದ ನಾನೇ ಕತ್ತರಿಸಿ ಅಂತ ಹೇಳ್ಬೇಕಾ? ಯಾರಾದ್ರೂ ಹೇಳ್ತಾರಾ ಹಾಗೆ?" ಆಮೇಲೆ ದನಿ ಇಳಿಸಿ, "ನೀನೇ ಹೇಳು ಮಗಳೇ. ಏನ್ ಮಾಡ್ಲಿ?" ಎಂದಳು.

ಎಲ್ಲವನ್ನೂ ಅಕ್ಷರಕ್ಕೆ ಅಕ್ಷರ ಹೇಳಿದೆ. ಡಾಕ್ಟರ್, "ಸಲಹೆ ಕೊಡೋಕೆ ನಿಮಗೆ ಅವಕಾಶ ಇಲ್ಲ ಅಂತ ಅವರಿಗೆ ತಿಳಿಸಿ" ಎಂದರು.

"ಅಮ್ಮ, ಸಲಹೆ ಕೊಡೋಕೆ ನನಗೆ ಅವಕಾಶ ಇಲ್ಲ."

ಮುದುಕಿ ನನ್ನನ್ನು ನೋಡಿದ ರೀತಿ ಹೇಳಲಾರೆ. ಬಾಯಾರಿ ಬಂದವಳಿಗೆ ನೀರಿಲ್ಲ ಎಂದವಳನ್ನು ನೋಡುವ ಹಾಗೆ ನೋಡಿದಳು. "ಹಾಗಾದ್ರೆ ಬಿಡು" ಎಂದು ಕಾಲುಚೀಲ ಹಾಕಿಕೊಳ್ಳತೊಡಗಿದಳು. ಡಾಕ್ಟರ್ ಕಂಪ್ಯೂಟರಿನಲ್ಲಿ "ರೋಗಿ ಒಪ್ಪಲಿಲ್ಲ" ಎಂದು ಬರೆದರು. ಆಮೇಲೆ ನೀಲಿ ಪೆನ್ನಿನಿಂದ ಪಾದದ ಮೇಲೆ ಒಂದು ಗೆರೆ ಎಳೆದರು. ಕೆಂಪು ಎಲ್ಲಿಯ ತನಕ ಬಂದಿದೆ ಎಂದು ಗುರುತು. ಸೋಮವಾರದ ಒಳಗೆ ಆ ಗೆರೆ ದಾಟಿದರೆ ತಕ್ಷಣ ಬರಬೇಕು. ಮಾತ್ರೆ, ಡ್ರೆಸ್ಸಿಂಗು ಎಲ್ಲ ಕೊಟ್ಟು ಕಳಿಸಿದರು.

ಲಿಫ್ಟಿನಲ್ಲಿ ಮಗ ಸಿಕ್ಕಿದ. ನಾನು ಗುಂಡಿಗಳನ್ನೇ ನೋಡುತ್ತಿದ್ದೆ. ಅವನು ಗುಂಡಿಗಳಿಗೇ ಹೇಳುವವನಂತೆ, "ಹೆತ್ತ ಮಗ ನಾನು. ಅಮ್ಮನ ಕಾಲು ಕತ್ತರಿಸಿ ಅಂತ ನನ್ನ ಬಾಯಲ್ಲಿ ಹೇಗೆ ಬರುತ್ತೆ? ನಾಳೆ ಅಮ್ಮನೇ ಅನ್ನಲ್ವಾ, ಮಗನೇ ಕತ್ತರಿಸಿಬಿಟ್ಟ ಅಂತ. ದೊಡ್ಡೋರು ಯಾರಾದ್ರೂ ಇದ್ದು ಒಂದು ಮಾತು ಹೇಳಿದ್ರೆ ಆಗೋಗ್ತಿತ್ತು" ಎಂದ.

ಮಧ್ಯಾಹ್ನ ಡಾಕ್ಟರ್ ಕಾಫಿ ಯಂತ್ರದ ಹತ್ತಿರ ಸಿಕ್ಕಿ, "ಆ ಮಗ ಅಮ್ಮನಿಗೆ ಉಸಿರಾಡೋಕೇ ಬಿಡಲ್ಲ, ಅಲ್ವಾ? ನಿಮ್ಮವರಲ್ಲಿ ಹೆಂಗಸರು ಹೀಗೇ ಏನೋ" ಎಂದರು. ಕಾಳಜಿಯಿಂದಲೇ ಎಂದರು, ಅದೇ ಇನ್ನೂ ಅಸಹ್ಯ. ಹತ್ತೊಂಬತ್ತು ವರ್ಷ ಇವರ ಜೊತೆ ಕಾಫಿ ಕುಡಿದ ಮೇಲೂ ನಾನು ನಿಮ್ಮವರು. ಆ ಕಡೆ ಲಿಫ್ಟಿನಲ್ಲಿರುವವನಿಗೆ ನಾನು ಮೇಡಂ. ಎರಡು ಕಡೆಯೂ ಹೇಸಿಗೆ.

ಮಾರ್ಚ್ ೯, ಶನಿವಾರ

ಬಟ್ಟೆ ಒಗೆದೆ, ಒಲೆ ಉಜ್ಜಿದೆ, ಉಜ್ಜಿದ ಒಲೆಯನ್ನೇ ಮತ್ತೆ ಉಜ್ಜಿದೆ.

ಆ ಮುದುಕಿಗೆ ಏನು ಬೇಕೆಂದು ನನಗೆ ಗೊತ್ತಿಲ್ಲದೆ ಇಲ್ಲ. ಅವಳಿಗೆ ಪ್ರಶ್ನೆ ಬೇಡ. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಯಾರು ಕೇಳುತ್ತಾರೆ ನಿನಗೇನು ಬೇಕು ಅಂತ? ಸೋದರಮಾವನೋ ದೊಡ್ಡತ್ತೆಯೋ ಬಂದು, ಸುಮ್ಮನೆ ಮಲಗು, ಮಾಡಿಸೋಣ ಎಂದು ಗದರುತ್ತಾರೆ. ಕಾಯಿಲೆಯವಳು ಬೇಡ ಬೇಡ ಎನ್ನುತ್ತಾಳೆ, ಅತ್ತು ಕರೆಯುತ್ತಾಳೆ, ಆಮೇಲೆ ಮಲಗುತ್ತಾಳೆ. ಅದೇ ಒಪ್ಪಿಗೆ. ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ಬೈಯಲು ಒಬ್ಬರು ಇರುತ್ತಾರೆ. ಮಗನೂ ಉಳಿದುಕೊಳ್ಳುತ್ತಾನೆ, ಅಮ್ಮನೂ ಉಳಿದುಕೊಳ್ಳುತ್ತಾಳೆ. ಇದನ್ನು ಡಾಕ್ಟರಿಗೆ ಹೇಳಲು ಒಂದು ನಿಮಿಷ ಸಾಕು. ಆದರೆ ಅದು ಯಾರೂ ಹೇಳದ ಮಾತು. ಸೇರಿಸುವಂತಿಲ್ಲ.

ಮೂರು ವರ್ಷದ ಹಿಂದೆ ಅಕ್ಕನಿಗೆ ಗರ್ಭಕೋಶದ ಆಪರೇಷನ್ ಆದಾಗ ಫೋನ್ ಮಾಡಿ, ಬರಲಾ ಎಂದು ಕೇಳಿದ್ದೆ. "ಬೇಡ, ನಿನಗ್ಯಾಕೆ ತೊಂದ್ರೆ, ರಜೆ ಎಲ್ಲಿ ಸಿಗುತ್ತೆ" ಎಂದಳು. ಸರಿ ಎಂದು ಸುಮ್ಮನಾದೆ. ಬೇಡ ಎಂದರೆ ಬೇಡ ತಾನೇ? ಇಲ್ಲಿ ಅದೇ ಮರ್ಯಾದೆ. ಅವತ್ತಿನಿಂದ ಅಕ್ಕ ನನ್ನ ಜೊತೆ ಹವಾಮಾನದ ವಿಷಯ ಬಿಟ್ಟು ಬೇರೆ ಮಾತಾಡಿಲ್ಲ. ಬೇಕಿದ್ದರೆ ಬೇಕು ಅನ್ನಬೇಕಪ್ಪ. ನಾನೇನು ಮನಸ್ಸು ಓದುವವಳಾ?

ಓದಲು ಬರುತ್ತಿತ್ತು. ಅದೇ ರೇಜಿಗೆ.

ಮಾರ್ಚ್ ೧೧, ಸೋಮವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಗೆರೆ ದಾಟಿತ್ತು. ಎರಡು ಬೆರಳಿನ ಅಗಲ ದಾಟಿತ್ತು. ಮುದುಕಿಗೆ ಜ್ವರ, ಕಣ್ಣು ಕೆಂಪಗೆ. ವಾಸನೆ ಬಾಗಿಲು ತೆಗೆಯುವ ಮೊದಲೇ ಬಂತು. ಮಗನನ್ನು ಈ ಸಲವೂ ಹೊರಗೇ ನಿಲ್ಲಿಸಿದರು. ಡಾಕ್ಟರ್ ಗಡಿಯಾರ ನೋಡಲಿಲ್ಲ, ಅದೇ ನನಗೆ ಹೆದರಿಕೆಯಾದದ್ದು. "ಇವತ್ತು ಅಡ್ಮಿಟ್ ಆಗಿ ನಾಳೆ ಬೆಳಿಗ್ಗೆ ಬೆರಳು ತೆಗೆದ್ರೆ ಕಾಲು ಉಳಿಯೋ ಸಾಧ್ಯತೆ ಇದೆ. ಇನ್ನೆರಡು ದಿನ ಬಿಟ್ರೆ ನಾನು ಮೊಣಕಾಲಿನ ಕೆಳಗೆ ಕತ್ತರಿಸ್ಬೇಕಾಗುತ್ತೆ. ಆಮೇಲೆ ಜೀವದ ಮಾತು. ಅವರ ಬಾಯಿಂದ ನನಗೆ ಹೌದು ಅಥವಾ ಇಲ್ಲ ಬೇಕು" ಎಂದರು.

ಹೇಳಿದೆ. ಮುದುಕಿ ಮಂಚದ ತುದಿಯಲ್ಲಿ ಕೂತು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. "ಮನೆಗೆ ಹೋಗೋಣ" ಎಂದಳು. "ಹೇಳೋರಿಲ್ಲ, ಕೇಳೋರಿಲ್ಲ."

ಅದನ್ನೂ ಹೇಳಿದೆ. ಡಾಕ್ಟರ್ ಬೇಸರದಿಂದ, "ನಾನು ಒಂದು ವಾರದಿಂದ ಕೇಳ್ತಾನೇ ಇದೀನಲ್ಲ" ಎಂದರು. ಅದನ್ನೂ ಹೇಳಿದೆ. ಮುದುಕಿ ನಕ್ಕಳು. ನಗುವಲ್ಲ ಅದು. ಕೆಳಗೆ ಬಗ್ಗಿ ಚಪ್ಪಲಿ ಹುಡುಕತೊಡಗಿದಳು. ಕಣ್ಣು ಕತ್ತಲೆ ಬರುತ್ತಿತ್ತೇನೋ, ಚಪ್ಪಲಿ ಅಲ್ಲೇ ಇದ್ದರೂ ಕೈಗೆ ಸಿಗುತ್ತಿರಲಿಲ್ಲ. ನೀಲಿ ಗೆರೆಯಿದ್ದ ಆ ಪಾದವನ್ನು ನೆಲದ ಮೇಲೆ ಆಚೀಚೆ ಉಜ್ಜುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. ಅವಳ ಮೇಲೆ, ಮಗನ ಮೇಲೆ, ಡಾಕ್ಟರ ಮೇಲೆ, ಆ ವಾಸನೆಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

"ಸಾಕು ಮಾಡಿ" ಎಂದೆ. "ಕಾಲು ಮೇಲಿಡಿ. ಎರಡು ಬೆರಳಿಗೆ ಇಷ್ಟು ರಂಪ ಮಾಡ್ತಿದೀರಲ್ಲ, ನಾಳೆ ಮೊಣಕಾಲೇ ಹೋದ್ರೆ ಬಚ್ಚಲಿಗೆ ಯಾರು ಎತ್ಕೊಂಡು ಹೋಗ್ತಾರೆ, ಆ ಸೊಸೆನಾ? ಅವಳ ಸೊಂಟ ನೋಡಿದೀರಾ? ಕೊಳೆತಿರೋದನ್ನ ಯಾರಿಗೋಸ್ಕರ ಇಟ್ಕೊಂಡಿದೀರಿ? ಸುಮ್ನೆ ಬಾಯಿ ಮುಚ್ಕೊಂಡು ಮಲಗಿ. ತೆಗೆಸೋಣ. ಮಗನಿಗೆ ನಾನು ಹೇಳ್ತೀನಿ. ನಾಳೆ ಯಾರಾದ್ರೂ ಏನಾದ್ರೂ ಅಂದ್ರೆ ನಾನು ಮಾಡಿಸಿದ್ದು ಅನ್ನಿ."

ಮುದುಕಿಯ ಭುಜ ಇಳಿಯಿತು. ಅಷ್ಟು ಹೊತ್ತು ಭುಜ ಮೇಲಿತ್ತೆಂದು ಇಳಿದ ಮೇಲೆ ನನಗೆ ಗೊತ್ತಾದದ್ದು. ಕಣ್ಣಿನಿಂದ ಬಳಬಳ ನೀರು ಬಂತು. ಕಾಲನ್ನು ತಾನೇ ಎತ್ತಿ ಮಂಚದ ಮೇಲಿಟ್ಟುಕೊಂಡಳು.

"ಇಷ್ಟು ದಿನ ಎಲ್ಲಿ ಸತ್ತಿದ್ದೆ ಮಗಳೇ?" ಎಂದಳು. "ಆಯ್ತು. ನೀನು ಹೇಳಿದ ಹಾಗೆ."

ಡಾಕ್ಟರ್, "ಏನಂದ್ರು?" ಎಂದರು.

"ಒಪ್ಪಿಕೊಂಡ್ರು."

"ನೀವಿಬ್ರೂ ಇಷ್ಟು ಹೊತ್ತು ಮಾತಾಡಿದ್ರಲ್ಲ. ಇಷ್ಟೇನಾ?"

"ಇಷ್ಟೇ."

ಡಾಕ್ಟರ್ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಕಾಗದ ಮುಂದಿಟ್ಟರು. ಮುದುಕಿ ಎಲ್ಲಿ ಒತ್ತಬೇಕು ಎಂದು ನನ್ನನ್ನೇ ಕೇಳಿ ಹೆಬ್ಬೆಟ್ಟು ಒತ್ತಿದಳು. ಹೊರಗೆ ಮಗನಿಗೆ ಹೇಳಿದೆ. ಅವನು ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟ. ಸೊಸೆ ಅವನ ಬೆನ್ನ ಮೇಲೆ ಕೈಯಿಟ್ಟಳು.

ನಿಯಮದ ಪುಸ್ತಕದಲ್ಲಿರುವ ಎಲ್ಲ ತಪ್ಪನ್ನೂ ಒಂದೇ ಉಸಿರಿನಲ್ಲಿ ಮಾಡಿದೆ. ಸಲಹೆ ಕೊಟ್ಟೆ, ಗದರಿದೆ, ಮಾತು ಮುಚ್ಚಿಟ್ಟೆ, ಸುಳ್ಳು ಹೇಳಿದೆ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನಾನೇ ದೂರು ಕೊಡುತ್ತಿದ್ದೆ. ನನ್ನ ಮೇಲೇ ನನಗೆ ಅಸಹ್ಯವಾಗುತ್ತಿದೆ. ಮನೆಗೆ ಬಂದು ಎರಡು ಸಲ ಬಾಯಿ ತೊಳೆದೆ.

ಮಾರ್ಚ್ ೧೨, ಮಂಗಳವಾರ

ಎರಡೇ ಬೆರಳು. ಕಾಲು ಉಳಿಯಿತು.

ಮಾರ್ಚ್ ೧೫, ಶುಕ್ರವಾರ

ಕೆಲಸವಿಲ್ಲದಿದ್ದರೂ ವಾರ್ಡಿಗೆ ಹೋದೆ. ಹೋಗಬಾರದು. ಐದು ನಿಮಿಷ ಎಂದುಕೊಂಡು ಹೋದೆ.

ಅಜ್ಜಿ ಎದ್ದು ಕೂತಿದ್ದರು. ಪಕ್ಕದ ಮಂಚದಲ್ಲಿ ಇಲ್ಲಿಯ ಒಬ್ಬ ದಪ್ಪ ಹೆಂಗಸು. ಒಬ್ಬರ ಮಾತು ಇನ್ನೊಬ್ಬರಿಗೆ ಬರದು. ಆದರೂ ಅಜ್ಜಿ ನನ್ನ ಕಡೆ ಬೆರಳು ತೋರಿಸಿ, ತಮ್ಮ ಬಾಯಿಯ ಮೇಲೆ ಕೈಯಿಟ್ಟು ಮುಚ್ಚಿ, ಆಮೇಲೆ ಅಂಗೈಯ ಮೇಲೆ ಕೆನ್ನೆಯಿಟ್ಟು ಮಲಗುವ ಹಾಗೆ ಮಾಡಿ, ನಾನು ಬೈದದ್ದನ್ನು ಇಡೀ ಅಭಿನಯ ಮಾಡಿ ತೋರಿಸಿದರು. ಆ ದಪ್ಪ ಹೆಂಗಸು ನನಗೆ ಕೈ ಮುಗಿಯುವುದೊಂದು ಬಾಕಿ.

"ಸ್ವಲ್ಪ ಮೆಲ್ಲಗೆ ಅಜ್ಜಿ," ಎಂದೆ.

"ಯಾಕೆ ಮೆಲ್ಲಗೆ? ಒಳ್ಳೇದನ್ನ ಹೇಳೋಕೂ ಇಲ್ಲಿ ಪರ್ಮಿಷನ್ ಬೇಕಾ?"

ಸೊಸೆ ಮೊದಲ ಸಲ ಬಾಯಿ ಬಿಟ್ಟಳು. "ನೀವು ಅತ್ತೆಗೆ ಬೈದಿದ್ದು ಚೆನ್ನಾಯ್ತು ಅಕ್ಕ. ನಾನು ಹಾಗೆ ಬೈದಿದ್ರೆ ಮನೆ ಬಿಡ್ಬೇಕಿತ್ತು" ಎಂದಳು. ಅಜ್ಜಿ, "ಈಗ್ಲೂ ಬಿಡಿಸ್ತೀನಿ, ಬೆರಳು ತಾನೇ ಹೋಗಿರೋದು" ಎಂದರು. ಇಬ್ಬರೂ ನಕ್ಕರು.

ಮನೆಯಿಂದ ತಂದ ಡಬ್ಬಿಯನ್ನು ಬಲವಂತವಾಗಿ ಕೈಗೆ ಹಾಕಿದರು. ಅಲ್ಲೇ ನಿಂತು ತಿಂದೆ. ಉಪ್ಪು ಜಾಸ್ತಿ. ಅಜ್ಜಿಯ ಡ್ರೆಸ್ಸಿಂಗಿನಿಂದ ಔಷಧಿಯ ವಾಸನೆ ಬರುತ್ತಿತ್ತು, ಆದರೂ ಎಲ್ಲ ಖಾಲಿ ಮಾಡಿದೆ.

ಮಾರ್ಚ್ ೧೭, ಭಾನುವಾರ

ಅಕ್ಕನಿಗೆ ಫೋನ್ ಮಾಡಿದೆ. ಎತ್ತಲಿಲ್ಲ.

ಮಾರ್ಚ್ ೧೮, ಸೋಮವಾರ

ನಮ್ಮ ವಿಭಾಗದ ಮುಖ್ಯಸ್ಥೆ ಕರೆದರು. ದುಭಾಷಿಗಳಿಗೆಲ್ಲ ಮೇಲಧಿಕಾರಿ. ಮೇಜಿನ ಮೇಲೆ ಯಾವಾಗಲೂ, ಅಳುವವರಿಗೆಂದು, ಒಂದು ಕಾಗದದ ಕರವಸ್ತ್ರದ ಪೆಟ್ಟಿಗೆ ಇಟ್ಟಿರುತ್ತಾರೆ. ಅದನ್ನು ನನ್ನ ಕಡೆಗೆ ಸರಿಸಿದಾಗಲೇ ವಿಷಯ ಗೊತ್ತಾಯಿತು.

ಕಾಲಿನ ಡಾಕ್ಟರ್ ಬರೆದಿದ್ದಾರೆ. ದೂರಲ್ಲ, ಪ್ರಶ್ನೆ. ಹನ್ನೊಂದನೇ ತಾರೀಕು ದುಭಾಷಿ ಸುಮಾರು ಒಂದು ನಿಮಿಷ ಏರುದನಿಯಲ್ಲಿ ಮಾತಾಡಿದರು, ರೋಗಿ ಅತ್ತರು, ನನಗೆ ಒಂದೇ ಪದದ ಅನುವಾದ ಸಿಕ್ಕಿತು. ಒಪ್ಪಿಗೆ ರೋಗಿಯದೇ ಹೌದೋ ಎಂದು ಖಚಿತಪಡಿಸಿಕೊಳ್ಳಬೇಕು. ಚೆನ್ನಾಗಿ ಬರೆದಿದ್ದಾರೆ. ಒಂದು ಮಾತು ಅನ್ಯಾಯವಿಲ್ಲ.

"ನಿಮ್ಮ ಬಗ್ಗೆ ನನಗೆ ಎಷ್ಟು ಗೌರವ ಇದೆ ಗೊತ್ತಲ್ಲ" ಎಂದರು ಮುಖ್ಯಸ್ಥೆ. "ಗುರುವಾರ ಇನ್ನೊಬ್ಬ ದುಭಾಷಿನ ಇಟ್ಕೊಂಡು ರೋಗಿನೇ ಕೇಳ್ತೀವಿ. ಯಾರೂ ಒತ್ತಡ ಹಾಕಿಲ್ಲ ಅಂದ್ರೆ ಮುಗೀತು. ಹಾಕಿದ್ರು ಅಂದ್ರೆ ನಿಮ್ಮ ಹೆಸರು ಪಟ್ಟಿಯಿಂದ ತೆಗೀಬೇಕಾಗುತ್ತೆ. ನೀವೂ ಇರಬಹುದು, ಮಾತಾಡೋ ಹಾಗಿಲ್ಲ."

ಇನ್ನೊಬ್ಬ ದುಭಾಷಿ ಎಂದರೆ ಟೇಪು. ಮೂರು ವರ್ಷದ ಹಿಂದೆ ನಾನೇ ತರಬೇತಿ ಕೊಟ್ಟ ಹೆಂಗಸು. ಹೇಳಿದ್ದನ್ನು ಹಾಗೇ ಹೇಳುತ್ತಾಳೆ, ಕೆಮ್ಮನ್ನು ಕೂಡ ಬಿಡುವುದಿಲ್ಲ. ಟೇಪು ಎಂದು ಹೊಗಳಿ ಹೆಸರಿಟ್ಟವಳೂ ನಾನೇ.

ಮುಖ್ಯಸ್ಥೆ ಪೆಟ್ಟಿಗೆಯನ್ನು ಇನ್ನೂ ಹತ್ತಿರ ಸರಿಸಿದರು. ಅಳು ಬರಲಿಲ್ಲ. ಆ ಪೆಟ್ಟಿಗೆಯನ್ನು ಅವರ ಕಡೆಗೇ ವಾಪಸ್ ಸರಿಸಿ ಎದ್ದು ಬಂದೆ.

ಮಾರ್ಚ್ ೨೦, ಬುಧವಾರ

ಇವತ್ತು ವಾರ್ಡಿಗೆ ಹೋದೆ. ಯಾಕೆ ಹೋದೆ ಎಂದು ಇಲ್ಲಿ ಬರೆಯದೆ ಇನ್ನೆಲ್ಲಿ ಬರೆಯಲಿ. ಅಜ್ಜಿಗೆ ಹೇಳಿಕೊಡಲು ಹೋದೆ. ನಾಳೆ ಕೇಳಿದರೆ ಯಾರೂ ಏನೂ ಅನ್ನಲಿಲ್ಲ, ನಾನೇ ಯೋಚಿಸಿ ಹೂಂ ಅಂದೆ ಎಂದು ಹೇಳಿ. ಅಷ್ಟೇ. ಹೇಳಿದರೆ ಖಂಡಿತ ಹಾಗೇ ಹೇಳುತ್ತಿದ್ದರು. ನಾನು ಹೇಳಿದ್ದಕ್ಕೆ ಕಾಲಿನ ಬೆರಳನ್ನೇ ಕೊಟ್ಟವರು.

ಹೋದಾಗ ಡ್ರೆಸ್ಸಿಂಗ್ ಬದಲಿಸುವ ನರ್ಸ್ ಬಂದಿದ್ದಳು. ದುಭಾಷಿ ಇರಲಿಲ್ಲ. ಅಜ್ಜಿ ಅವಳ ಕೈ ಹಿಡಿದು ನಿಲ್ಲಿಸಿ, ಆ ಕಡೆಯ ಅಂಟುವ ಪ್ಲಾಸ್ಟರ್ ತೋರಿಸಿ, ಅದು ಚರ್ಮ ಕೀಳುತ್ತದೆ ಎಂದು ಸನ್ನೆ ಮಾಡಿ, ಪಕ್ಕದ ಬಿಳಿ ಬಟ್ಟೆಯ ಪಟ್ಟಿ ತೋರಿಸಿ, "ಇದು ಹಾಕು" ಎಂದರು. ಮಗ ಅಲ್ಲೇ ಇದ್ದ. ಅವನ ಮುಖ ನೋಡಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ನರ್ಸ್ ಪಟ್ಟಿಯನ್ನೇ ಹಾಕಿದಳು.

ಆಮೇಲೆ ಸಮಯ ಸಿಗಲಿಲ್ಲ. ಮಗ ಇದ್ದ, ನರ್ಸ್ ಇದ್ದಳು, ಭೇಟಿಯ ಹೊತ್ತೂ ಮುಗಿಯುತ್ತಾ ಬಂದಿತ್ತು. ಕಾಲು ನೋವು ಹೇಗಿದೆ ಎಂದು ಕೇಳಿ ಬಂದೆ. ಹತ್ತಕ್ಕೆ ಮೂರು ಎಂದರು.

ಸಮಯ ಸಿಗುತ್ತಿತ್ತು, ಇನ್ನೂ ಹತ್ತು ನಿಮಿಷವಿತ್ತು. ಏನೋ, ಬಾಯಿಗೆ ಮಾತು ತುರುಕಲು ಹೇಸಿಗೆಯಾಯಿತು.

ಮಾರ್ಚ್ ೨೧, ಗುರುವಾರ

ವಾರ್ಡಿನ ಪಕ್ಕದ ಸಣ್ಣ ಕೋಣೆ. ಕಿಟಕಿ ತೆಗೆಯಲು ಬರುವುದಿಲ್ಲ, ಯಾರೋ ಮಧ್ಯಾಹ್ನ ತಿಂದದ್ದರ ವಾಸನೆ ಅಲ್ಲೇ ಉಳಿದಿತ್ತು. ಮುಖ್ಯಸ್ಥೆ, ಟೇಪು, ಗಾಲಿಕುರ್ಚಿಯಲ್ಲಿ ಅಮ್ಮ. ನಾನು ಗೋಡೆಯ ಹತ್ತಿರ. ಅಮ್ಮ ತಲೆ ಬಾಚಿಕೊಂಡು, ಮಗ ತಂದ ಒಳ್ಳೆಯ ಸೀರೆ ಉಟ್ಟುಕೊಂಡು ಬಂದಿದ್ದರು. ಆಸ್ಪತ್ರೆಯ ದೊಡ್ಡವರು ಕೇಳುತ್ತಾರೆ ಎಂದು ಯಾರೋ ಹೇಳಿದ್ದರಂತೆ. ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು.

ಮುಖ್ಯಸ್ಥೆ ಕೇಳಿದರು, ಟೇಪು ಹೇಳಿದಳು. "ಬೆರಳು ತೆಗೆಸೋ ವಿಷಯದಲ್ಲಿ ನಿಮ್ಮ ಮೇಲೆ ಯಾರಾದರೂ ಒತ್ತಡ ಹಾಕಿದ್ರಾ?"

ಅಮ್ಮ ಈ ಪ್ರಶ್ನೆಗೇ ಒಂದು ವಾರದಿಂದ ಕಾದಿದ್ದವರ ಹಾಗೆ ನೆಟ್ಟಗೆ ಕೂತರು.

"ಹಾಕಿದ್ಲಲ್ಲ. ಎಂಥಾ ಒತ್ತಡ ಅಂತೀರಿ. ಹೆತ್ತ ಮಗಳೂ ಹಾಗೆ ಬೈಯಲ್ಲ. ನನಗೆ ಒಂಚೂರೂ ಇಷ್ಟ ಇರ್ಲಿಲ್ಲ, ಚಪ್ಪಲಿ ಮೆಟ್ಕೊಂಡು ಹೊರಟಿದ್ದೆ. ಬಾಯಿ ಮುಚ್ಕೊಂಡು ಮಲಗಿ ಅಂದ್ಲು. ನಿಮ್ಮ ಸೊಸೆ ಬಚ್ಚಲಿಗೆ ಎತ್ಕೊಂಡು ಹೋಗ್ತಾಳಾ ಅಂತ ಹೆದರಿಸಿದ್ಲು. ಅವಳು ಅಷ್ಟು ಹೇಳಿದ ಮೇಲೆ ನನ್ನದೇನಿದೆ, ಅವಳದೇ ತೀರ್ಮಾನ. ಬರ್ಕೊಳ್ಳಿ, ಬರ್ಕೊಳ್ಳಿ."

ಟೇಪು ನನ್ನ ಕಡೆ ನೋಡಲಿಲ್ಲ. ಒಂದು ಸಲ ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು. ಹೌದು, ಹಾಕಿದರು. ನನಗೆ ಸ್ವಲ್ಪವೂ ಇಷ್ಟವಿರಲಿಲ್ಲ, ಹೊರಟಿದ್ದೆ. ಬಾಯಿ ಮುಚ್ಚಿಕೊಂಡು ಮಲಗಿ ಎಂದರು. ಹೆದರಿಸಿದರು. ಅವರದೇ ತೀರ್ಮಾನ. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಮ್ಮಿಯಿಲ್ಲ. ತಪ್ಪು ಹುಡುಕಿದೆ, ಸಿಗಲಿಲ್ಲ. ಎಲ್ಲ ಮಾತೂ ಆ ಕಡೆ ದಾಟಿತು. ಅಮ್ಮ ಹೊಗಳುತ್ತಿದ್ದಾರೆ ಎನ್ನುವುದು ಮಾತ್ರ ಈ ಕಡೆಯೇ ಉಳಿಯಿತು. ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲವಲ್ಲ. ಟೇಪಿನ ಕಿವಿ ಕೆಂಪಾಗಿತ್ತು. ಅವಳಿಗೂ ಗೊತ್ತು. ಎದ್ದು ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ಹಾಗೆ ಕಲಿಸಿದ ನನ್ನ ಕೆನ್ನೆಗೆ ಮೊದಲು.

ಮುಖ್ಯಸ್ಥೆ ಬರೆದುಕೊಂಡರು. ಪೆನ್ನು ನಿಂತಿತು. "ಇನ್ನೇನಾದರೂ ಹೇಳೋದಿದೆಯಾ?"

"ಇದೆ" ಎಂದರು ಅಮ್ಮ. "ಇವಳಿಗೆ ಇನ್ನೂ ದೊಡ್ಡ ಕೆಲಸ ಕೊಡಿ."

ಟೇಪು ಅದನ್ನೂ ಹೇಳಿದಳು. ಮುಖ್ಯಸ್ಥೆಗೆ ಏನೂ ಅರ್ಥವಾಗಲಿಲ್ಲ. ಪಾಪ, ಹೆದರಿಕೆಯಿಂದ ಹೀಗೆ ಹೇಳುತ್ತಿದ್ದಾರೆ ಎಂಬಂತೆ ಅಮ್ಮನ ಕೈ ತಟ್ಟಿದರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಇಲ್ಲಿಯ ಭಾಷೆಯಲ್ಲಿ, ಇವತ್ತೇ ಗುರುತಿನ ಚೀಟಿ ಒಪ್ಪಿಸಿ ಹೋಗಬೇಕು, ಕಾಗದ ಮನೆಗೆ ಬರುತ್ತದೆ ಎಂದರು. ಅವರ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ನನ್ನನ್ನು ಕಂಡರೆ ಅಸಹ್ಯ ಪಡುತ್ತಿದ್ದರು, ಕೈಲಾಗದ ಮುದುಕಿಯನ್ನು ಹೆದರಿಸಿದವಳನ್ನು ಕಂಡರೆ ಯಾರಿಗಾದರೂ ಆಗುವಷ್ಟು. ಚೀಟಿಯನ್ನು ಕೊರಳಿನಿಂದ ತೆಗೆದು ಕೊಟ್ಟೆ.

ಅವರಿಬ್ಬರೂ ಹೋದ ಮೇಲೆ ಅಮ್ಮ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡರು.

"ಚೆನ್ನಾಗಿ ಹೇಳಿದ್ನಾ ಮಗಳೇ?"

"ಚೆನ್ನಾಗಿ ಹೇಳಿದ್ರಿ ಅಮ್ಮ."

"ಅವರ ಮುಖ ನೋಡಿದ್ರೆ ಮೆಚ್ಕೊಂಡ ಹಾಗೆ ಕಾಣ್ಲಿಲ್ಲಪ್ಪ."

"ಇಲ್ಲಿಯವರ ಮುಖವೇ ಹಾಗೆ. ಮೆಚ್ಕೊಂಡ್ರು."

"ಹೋಗ್ತಾ ನಿನ್ನ ಹತ್ರ ಏನೋ ಅಂದ್ರಲ್ಲ, ಏನಂದ್ರು?"

"ಹತ್ತೊಂಬತ್ತು ವರ್ಷ ದುಡಿದಿದೀಯ, ನಾಳೆಯಿಂದ ಬರೋದು ಬೇಡ, ಆರಾಮಾಗಿರು ಅಂದ್ರು."

"ಸದ್ಯ, ಅಷ್ಟಾದ್ರೂ ತಿಳೀತಲ್ಲ ಅವರಿಗೆ," ಎಂದರು ಅಮ್ಮ. "ಮುಖ ಎಷ್ಟು ಸೊರಗಿದೆ ನೋಡು ನಿಂದು."